ಕುರಿ ನಮ್ಮದು, ಕಡ್ಡಿ ಪರದೇಶದ್ದು

ತುಮಕೂರಿನ ಅಂಗಡಿಗಳಲ್ಲಿ ‘ಉಲ್ಲನ್’ ಕೇಳಿದರೆ ಕೊಡುವ ಬಣ್ಣಬಣ್ಣದ ಉಂಡೆಗಳಲ್ಲಿ ಬಹುಪಾಲಿಗೆ ಉಣ್ಣೆಯ ಸೋಂಕೇ ಇರುವುದಿಲ್ಲ. ನಂಬದಿದ್ದರೆ ಗೇಣುದ್ದ ದಾರ ಕತ್ತರಿಸಿ ತುದಿಗೆ ಬೆಂಕಿ ಹಿಡಿದು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅಂಗಡಿಯ ದಾರ ಕರಗಿ, ಸುರುಟಿಕೊಂಡು, ಗಟ್ಟಿ ಕರಿಮಣಿಯಾಗಿ ನಿಲ್ಲುತ್ತದೆ. ಅದು ಅಕ್ರಿಲಿಕ್. ಅಮೆರಿಕದ ಡುಪಾಂಟ್ ಕಂಪನಿ 1950ರಲ್ಲಿ ಆರ್ಲಾನ್ ಎಂಬ ಹೆಸರಿನಲ್ಲಿ ತಯಾರಿಸತೊಡಗಿದ ನೂಲಿನ ವಂಶದ್ದು. ಇತ್ತ ಕುರಿ ಸಾಕಣೆಯಲ್ಲಿ ರಾಜ್ಯದ ಮುಂಚೂಣಿಯ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಕುರಿಯ ನಾಡಿನಲ್ಲಿ ಕೂತು ಪೆಟ್ರೋಲಿಯಂ ಹೆಣೆಯುತ್ತಿದ್ದೇವೆ ಎನ್ನುವುದು ವರ್ಷದ ಮೊದಲಲ್ಲೇ ತಲೆಗೆ ಹೊಕ್ಕಿತು. ಹಾಗಾಗಿ ಈ ವರ್ಷ ನೂತದ್ದು, ಹೆಣೆದದ್ದು, ಓದಿದ್ದು ಎಲ್ಲವೂ ಆ ಒಂದೇ ಹುಳುಕಿನ ಸುತ್ತ.

ನಮ್ಮಲ್ಲಿ ನೂಲುವವರೂ ಇದ್ದಾರೆ, ಹೆಣೆಯುವವರೂ ಇದ್ದಾರೆ. ಒಬ್ಬರಿಗೊಬ್ಬರು ಮುಖ ನೋಡಿಲ್ಲ ಅಷ್ಟೆ. ನೂಲುವುದು ಕುರುಬರ ಹಟ್ಟಿಯ ಹೆಂಗಸರ ಕೆಲಸ, ಅದರ ದಾರಿ ಸೀದಾ ಮಗ್ಗಕ್ಕೆ, ಅಲ್ಲಿಂದ ಕಂಬಳಿಗೆ. ಕಡ್ಡಿಯ ಹೆಣಿಗೆ ಬಂದದ್ದು ಬೇರೆ ದಾರಿಯಲ್ಲಿ: ಮಿಷನ್ ಶಾಲೆಯ ಹೊಲಿಗೆ ಪಾಠ, ಪೇಟೆಯ ಮನೆಗಳ ಜಗುಲಿ, ಹುಟ್ಟಲಿರುವ ಮೊಮ್ಮಗುವಿನ ಟೋಪಿ. ಗುಬ್ಬಿಯ ಚರಿತ್ರೆಯಲ್ಲಿ ಈ ಎರಡೂ ದಾರಿ ಅರ್ಧ ಶತಮಾನದ ಒಳಗೇ ಹಾದುಹೋಗಿವೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯನ್ನು ದೊಡ್ಡ ವ್ಯಾಪಾರದ ಊರೆಂದು ವರ್ಣಿಸುತ್ತಾನೆ. ಅಲ್ಲಿಯ ಸಂತೆಯ ಸರಕುಗಳಲ್ಲಿ ಅಡಿಕೆ, ಹತ್ತಿಬಟ್ಟೆಗಳ ಜೊತೆ ಕಂಬಳಿಯೂ ಇದೆ. 1839ರಲ್ಲಿ ಅದೇ ಗುಬ್ಬಿಗೆ ಬಂದ ವೆಸ್ಲಿಯನ್ ಪಾದ್ರಿ ವಿಲಿಯಂ ಆರ್ಥರ್ ‘ಎ ಮಿಷನ್ ಟು ದ ಮೈಸೂರ್’ ಎಂಬ ಪುಸ್ತಕವನ್ನು 1847ರಲ್ಲಿ ಅಚ್ಚು ಹಾಕಿಸಿದ. ಇಬ್ಬರನ್ನೂ ಈ ವರ್ಷ ಓದಿದೆ. ಬುಕನನ್‌ನದು ಲೆಕ್ಕದ ಪುಸ್ತಕ, ರಸವಿಲ್ಲ, ಆದರೆ ಸಂತೆ ಕಣ್ಣಿಗೆ ಕಟ್ಟುತ್ತದೆ. ಆರ್ಥರ್ ಚೆನ್ನಾಗಿ ಬರೆಯುತ್ತಾನೆ, ಆದರೆ ಪುಟಕ್ಕೊಮ್ಮೆ ಉಪದೇಶಕ್ಕೆ ಕೂರುತ್ತಾನೆ.

ಇನ್ನು ಕೈಗೆ ಬಂದ ಉಣ್ಣೆಯ ವಿಷಯ. ನಮ್ಮ ಕಡೆಯ ಕರಿ ಉಣ್ಣೆ ಒರಟು. ಮೆರಿನೊ ಉಣ್ಣೆಯ ಎಳೆ 20 ಮೈಕ್ರಾನ್ ಆಸುಪಾಸಿನದು, 30 ದಾಟಿದರೆ ಚರ್ಮಕ್ಕೆ ಚುಚ್ಚತೊಡಗುತ್ತದೆ, ನಮ್ಮ ದಕ್ಕನಿ ಕುರಿಯ ಎಳೆ ಅದನ್ನೂ ಮೀರಿದ್ದು. ಆದರೆ ಇದಕ್ಕೊಂದು ದೊಡ್ಡ ಗುಣವಿದೆ: ಜಿಡ್ಡು ಕಡಿಮೆ. ಮೆರಿನೊದ ಹಾಗೆ ಬಿಸಿನೀರು, ಸೋಪು ಎಂದು ಒದ್ದಾಡಬೇಕಿಲ್ಲ. ಕಸಕಡ್ಡಿ, ಮುಳ್ಳು ಆರಿಸಿ, ಬೆರಳಲ್ಲಿ ಹಿಂಜಿ, ಹಂಜಿ ಮಾಡಿಕೊಂಡು ಕೂತರೆ ಸಾಕು. ತಕಲಿಗೆ ಒಂದು ಸುತ್ತು ಕೊಟ್ಟು ಬಿಟ್ಟಾಗ ಬಲಗೈ ಎಳೆ ಎಳೆಯುತ್ತದೆ, ಎಡಗೈಯ ಹೆಬ್ಬೆರಳು ಹುರಿ ಮೇಲೇರದಂತೆ ಚಿವುಟಿ ಹಿಡಿದಿರುತ್ತದೆ. ಆ ಚಿವುಟು ಒಂದು ಗಳಿಗೆ ಸಡಿಲಾದರೆ ಹುರಿ ಹಂಜಿಯೊಳಕ್ಕೇ ನುಗ್ಗಿ ಗಂಟಾಗುತ್ತದೆ. ನೂಲುವ ವಿದ್ಯೆಯೆಲ್ಲ ಆ ಹೆಬ್ಬೆರಳಿನಲ್ಲಿದೆ, ತಕಲಿಯಲ್ಲಲ್ಲ. ಸಾವಿರಾರು ರೂಪಾಯಿಯ ವಿದೇಶಿ ರಾಟೆ ತರಿಸಲೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮೊದಲು ಹೆಬ್ಬೆರಳು ಪಳಗಲಿ.

ಕಂಬಳಿಯ ನೂಲನ್ನು ಹಾಗೇ ಕಡ್ಡಿಗೆ ಏರಿಸಬಾರದು. ಅದು ಒಂಟಿ ಎಳೆ, ಹುರಿ ಬಿಗಿ. ಮಗ್ಗದ ಜಗ್ಗಾಟ ತಡೆಯಬೇಕಲ್ಲ. ಅದೂ ಸಾಲದೆಂದು ಹಾಸುನೂಲಿಗೆ ಹುಣಸೆಬೀಜದ ಗಂಜಿ ತೊಡೆಯುತ್ತಾರೆ (ತುಮಕೂರಿನ ಹುಣಸೆ ಮಂಡಿಯನ್ನು ಬರೀ ಸಾರಿನ ಲೆಕ್ಕದಲ್ಲಿ ನೋಡುವವರು ಇದನ್ನು ಗಮನಿಸಬೇಕು). ಆ ನೂಲಿನಲ್ಲಿ ಸೀದಾ, ಉಲ್ಟಾ ಹೆಣೆದರೆ ಚೌಕ ಚೌಕವಾಗಿ ಉಳಿಯುವುದಿಲ್ಲ, ಒಂದು ಮಗ್ಗುಲಿಗೆ ವಾಲಿಕೊಳ್ಳುತ್ತದೆ. ಎರಡೆಳೆ ಸೇರಿಸಿ ಎದುರು ದಿಕ್ಕಿಗೆ ಹುರಿ ಹಾಕಿ, ನೆನೆಸಿ, ಭಾರ ಕಟ್ಟಿ ತೂಗುಹಾಕಿ ಒಣಗಿಸಿದರೆ ನೂಲು ಸಮಾಧಾನಕ್ಕೆ ಬರುತ್ತದೆ.

ಅಂಥ ನೂಲಿನಲ್ಲಿ ಕಾಲುಚೀಲ ಹೆಣೆದದ್ದು ಹೆಚ್ಚಾಗಿ ರೈಲಿನಲ್ಲಿ. ತುಮಕೂರು ಬಿಟ್ಟು ಗುಬ್ಬಿ, ತಿಪಟೂರು ದಾಟಿ ಅರಸೀಕೆರೆಗೆ ಹೋಗುವ ಹಳಿ ಹೆಣಿಗೆಗೆ ಹೇಳಿ ಮಾಡಿಸಿದ್ದು. ಪಕ್ಕದಲ್ಲಿ ಕೂತವರು ‘ಯಾರಿಗಮ್ಮಾ ಸ್ವೆಟರು?’ ಎಂದು ಕೇಳದೆ ಬಿಡುವುದಿಲ್ಲ. ಹಿಮ್ಮಡಿ ತಿರುಗಿಸುವಾಗ ಮಾತ್ರ ಉತ್ತರ ಕೊಡಬಾರದು, ಕುಣಿಕೆಗಳ ಲೆಕ್ಕ ತಪ್ಪುತ್ತದೆ. ಕಾಲುಚೀಲವೇನೋ ಬೆಚ್ಚಗಿದೆ, ಆದರೆ ತೊಟ್ಟವರು ಅರ್ಧಗಂಟೆಯಲ್ಲಿ ಕಳಚುತ್ತಾರೆ. ನಮ್ಮ ಉಣ್ಣೆ ಮೈಗೆ ಹತ್ತುವ ಉಣ್ಣೆಯಲ್ಲ. ಅದರ ಜಾಗ ಬೇರೆ. ಒತ್ತಾಗಿ ಹೆಣೆದ ಆಸನ, ಸಂತೆಚೀಲ, ಒಲೆ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ, ಇವುಗಳಿಗೆ ಅದನ್ನು ಮೀರಿಸುವ ನೂಲಿಲ್ಲ. ಅಕ್ರಿಲಿಕ್ ಮಸಿಬಟ್ಟೆ ಒಲೆಯ ಬಳಿ ಅಪಾಯ, ಕರಗಿ ಕೈಗೆ ಅಂಟುತ್ತದೆ. ಉಣ್ಣೆಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ.

ಹತ್ತಿಯ ಪಾಠ ಸಿಕ್ಕಿದ್ದು ಕುಣಿಗಲ್‌ನಲ್ಲಿ. ಕೆರೆಯ ಹಾಡಿನಿಂದ, ಕುದುರೆ ಫಾರಂನಿಂದ ಹೆಸರಾದ ಊರಲ್ಲಿ ಒಬ್ಬ ಹಿರಿಯಜ್ಜಿ ಇನ್ನೂ ಜನಿವಾರಕ್ಕೆ ತಕಲಿಯಲ್ಲೇ ನೂಲು ತೆಗೆಯುತ್ತಾರೆ. ನಾಲ್ಕು ಬೆರಳಿಗೆ 96 ಸುತ್ತು ಅಳತೆ, ಮೂರೆಳೆಯ ಹುರಿ, ಅದನ್ನು ಮತ್ತೆ ಮೂರು ಮಾಡಿದ ಹುರಿ. ಅಷ್ಟು ಸಣ್ಣ, ಅಷ್ಟು ಸಮನಾದ ನೂಲನ್ನು ನಾನು ಯಾವ ಪ್ರದರ್ಶನದಲ್ಲೂ ನೋಡಿಲ್ಲ. ಹೊಗಳಿದರೆ ‘ಬತ್ತಿ ಹೊಸೆಯೋಳಿಗೆ ಇದೇನು ಮಹಾ, ಬಿಡು ಮಗಾ’ ಎಂದು ಕಾಫಿಗೆ ಎದ್ದರು.

ಓದಿಗೂ ಕೈಕೆಲಸಕ್ಕೂ ಜೋಡಿ ಕೂಡಿಬರಬೇಕು. ಬರೀ ಸೀದಾ ಸಾಲುಗಳ ಹೆಣಿಗೆಯಾದರೆ ಪುಸ್ತಕ ತೊಡೆಯ ಮೇಲಿದ್ದರೂ ಕೈ ನಡೆಯುತ್ತದೆ, ಪುಸ್ತಕ ಮಾತ್ರ ಅಂಗಾತ ಬಿದ್ದುಕೊಳ್ಳುವ ಹೊಲಿಗೆಯ ಬೈಂಡಿಂಗಿನದಾಗಿರಬೇಕು. ಅಂಟು ಹಾಕಿದ ಈಗಿನ ಪುಸ್ತಕಗಳು ಕೈ ಬಿಟ್ಟೊಡನೆ ಮುಚ್ಚಿಕೊಳ್ಳುತ್ತವೆ. ಪ್ರಕಾಶಕರು ಹೆಣೆಯುವವರ ಶಾಪಕ್ಕೆ ಗುರಿಯಾಗಿದ್ದಾರೆ. ಗುಬ್ಬಿ ವೀರಣ್ಣನವರ ಆತ್ಮಕಥೆ ‘ಕಲೆಯೇ ಕಾಯಕ’ ಹೆಣಿಗೆಗೆ ಒಳ್ಳೆಯ ಸಂಗಾತಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಅವರು ನಾಡಿಗೆ ನಾಡೇ ಕಾಯುವಂತೆ ಬೆಳೆಸಿದ ಕಥೆ ನಿಧಾನದ ಓದನ್ನು ಬೇಡುತ್ತದೆ. ನೂಲುವಾಗ ಓದಲಾಗುವುದಿಲ್ಲ, ಕಣ್ಣು ಎಳೆಯ ಮೇಲೇ ಇರಬೇಕು. ಆಗ ವಚನವೇ ಸರಿ. ಒಂದನ್ನು ಓದಿ ಪುಸ್ತಕ ಮುಚ್ಚಿಟ್ಟರೆ ತಕಲಿ ತುಂಬುವವರೆಗೆ ಸಾಕು. ಸಮಗ್ರ ವಚನ ಸಂಪುಟದ ಐದನೆಯದು ಶಿವಶರಣೆಯರದು. ಅದರಲ್ಲಿ ನೂಲುವುದನ್ನೇ ಕಾಯಕ ಮಾಡಿಕೊಂಡಿದ್ದ ಕದಿರ ರೆಮ್ಮವ್ವೆ ಇದ್ದಾಳೆ. ತನ್ನ ರಾಟೆಯ ಒಂದೊಂದು ಅಂಗಕ್ಕೂ ದೈವದ ಅರ್ಥ ಹಚ್ಚುವ ಹೆಂಗಸು. ಈ ವರ್ಷ ನಾನು ಮತ್ತೆ ಮತ್ತೆ ತೆರೆದ ಪುಟಗಳು ಅವಳವು. ನೂಲಿನ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕಗಳ ಗುಡ್ಡೆಯೆಲ್ಲ ಅವಳ ಮುಂದೆ ಸಪ್ಪೆ.

ಈಗ ಉಣ್ಣೆ ಕತ್ತರಿಸುವ ಕೂಲಿಗೂ ಉಣ್ಣೆಯ ಬೆಲೆ ಸಾಲುತ್ತಿಲ್ಲ. ಕತ್ತರಿಸಿದ್ದನ್ನು ಹೊಲದ ಬದುವಿಗೆ ಎಸೆದು ಹೋಗುವ ಕುರಿಗಾಹಿಗಳಿದ್ದಾರೆ. ಮಾಂಸದ ಬೆಲೆ ನೋಡಿ ಉಣ್ಣೆಯಿಲ್ಲದ ತಳಿಗೆ ತಿರುಗಿದವರೂ ಇದ್ದಾರೆ. ಹೆಣೆಯುವ ಅಕ್ಕಂದಿರೇ, ಮುಂದಿನ ಸಲ ಹಳ್ಳಿ ಕಡೆ ಹೋದಾಗ ಕುರಿ ಹಟ್ಟಿಯಲ್ಲಿ ಒಂದು ಚೀಲ ಉಣ್ಣೆ ಕೇಳಿ. ಪುಕ್ಕಟೆ ಕೊಡುತ್ತೇವೆ ಎಂದರೂ ದುಡ್ಡು ಕೊಟ್ಟೇ ತನ್ನಿ.