ಬಣ್ಣವೂ ನುಡಿಯೂ

ಮಕ್ಕಳಿಗೆಂದು ಅಮೆರಿಕಾ ದೇಶದಲ್ಲಿ ಸಿದ್ಧವಾಗುವ ಕಾರ್ಟೂನು ಚಿತ್ರಗಳಲ್ಲಿ ಅನ್ಯ ಜನಾಂಗಗಳವರನ್ನು ಹೇಗೆ ಕಾಣಿಸಬೇಕೆಂಬ ಚರ್ಚೆ ಅಲ್ಲಿಯ ವಿದ್ವಾಂಸರಲ್ಲಿಯೂ ತಾಯಿತಂದೆಗಳಲ್ಲಿಯೂ ಬಹುಕಾಲದಿಂದ ನಡೆದುಬಂದಿದೆ. ದೂರದೇಶದವರ ಮನೆಯ ಜಗಳವೆಂದು ನಾವು ಇದನ್ನು ಕಡೆಗಣಿಸುವಂತಿಲ್ಲ. ಆ ಚಿತ್ರಗಳನ್ನು ನಮ್ಮ ಮಕ್ಕಳೂ ಊಟದ ತಟ್ಟೆಯನ್ನು ಮುಂದಿಟ್ಟುಕೊಂಡು ನೋಡುತ್ತಿರುತ್ತಾರೆ; ಅಕ್ಷರಾಭ್ಯಾಸಕ್ಕೆ ಮುಂಚೆಯೇ ಅವರಿಗೆ ಅವು ಪಾಠಗಳಾಗಿವೆ. ಈ ಚರ್ಚೆಯಲ್ಲಿ ಬಣ್ಣದ ಮಾತು ಹೆಚ್ಚಾಗಿಯೂ ನುಡಿಯ ಮಾತು ಕಡಮೆಯಾಗಿಯೂ ಬಂದಿದೆಯೆಂದು ನನ್ನ ಅಭಿಪ್ರಾಯ. ಭರತಮುನಿಯ ಪರಿಭಾಷೆಯಲ್ಲಿ ಹೇಳುವುದಾದರೆ, ಆಹಾರ್ಯವನ್ನು ಕುರಿತು ಎಚ್ಚರಗೊಂಡವರು ವಾಚಿಕವನ್ನು ಕುರಿತು ಅಷ್ಟಾಗಿ ಎಚ್ಚರಗೊಂಡಿಲ್ಲ. ಮಗುವಾದರೋ ಕಣ್ಣಿಗಿಂತ ಕಿವಿಯಿಂದಲೇ ಹೆಚ್ಚು ಕಲಿಯತಕ್ಕದ್ದು.

ಒಂದು ಉದಾಹರಣೆಯನ್ನು ತೆಗೆದುಕೊಂಡು ವಿಚಾರ ಮಾಡೋಣ. ಡಿಸ್ನಿ ಸಂಸ್ಥೆಯವರು ೧೯೯೨ರಲ್ಲಿ ಹೊರತಂದ 'ಅಲಾದೀನ್' ಎಂಬ ಚಿತ್ರವು ಲೋಕಪ್ರಸಿದ್ಧವಾದುದು. ಈ ಕಥೆಯ ಚರಿತ್ರೆಯೇ ವಿಚಿತ್ರವಾಗಿದೆ. ಹನ್ನಾ ದಿಯಾಬ್ ಎಂಬ ಅಲೆಪ್ಪೊ ಪಟ್ಟಣದ ತರುಣನು ೧೭೦೯ರಲ್ಲಿ ಪ್ಯಾರಿಸ್ ನಗರದಲ್ಲಿ ಇದನ್ನು ಆಂಟ್ವಾನ್ ಗಲಾಂ ಎಂಬ ಫ್ರೆಂಚ್ ಪಂಡಿತನಿಗೆ ಹೇಳಿದನು. ೧೭೧೨ರಲ್ಲಿ ಗಲಾಂ ಅದನ್ನು ತನ್ನ ಅರೇಬಿಯನ್ ರಾತ್ರಿಗಳ ಅನುವಾದದಲ್ಲಿ ಸೇರಿಸಿ ಅಚ್ಚುಮಾಡಿಸಿದನು. ಅದರಲ್ಲಿ ಕಥೆ ನಡೆಯುವುದು ಚೀನಾ ದೇಶದಲ್ಲಿ! ಸಿರಿಯಾ ದೇಶದವನು ಹೇಳಿದ ಚೀನಾದ ಕಥೆ ಫ್ರಾನ್ಸಿನಲ್ಲಿ ಪುಸ್ತಕವಾಗಿ, ಅಮೆರಿಕಾದಲ್ಲಿ ಅರಬ್ಬರ ಚಿತ್ರವಾಯಿತು. ಚಿತ್ರಕಾರರು ಮೊದಲು ಬಾಗ್ದಾದ್ ನಗರವನ್ನೇ ಸ್ಥಳವಾಗಿ ಇಟ್ಟುಕೊಂಡಿದ್ದರು. ೧೯೯೧ರ ಇರಾಕ್ ಯುದ್ಧವಾದ ಮೇಲೆ ಆ ಹೆಸರನ್ನು ಬಿಟ್ಟು ಅಗ್ರಬಾ ಎಂಬ ಕಲ್ಪಿತ ನಗರವನ್ನು ಮಾಡಿದರು. ಕಥೆ ದೇಶ ಸಂಚಾರ ಮಾಡಬಾರದೆಂದು ಯಾರೂ ಹೇಳಲಾರರು. ನಮ್ಮ ಪಂಚತಂತ್ರವು ಮಾಡಿದ ಸಂಚಾರಕ್ಕೆ ಮಿತಿಯುಂಟೆ?

ಚಿತ್ರವು ಬಂದ ಕೂಡಲೆ ಅಮೆರಿಕಾದ ಅರಬ್ಬರು ಪ್ರತಿಭಟಿಸಿದರು. ಮೊದಲ ಹಾಡಿನಲ್ಲಿ, ಮುಖ ಹಿಡಿಸದಿದ್ದರೆ ಕಿವಿ ಕೊಯ್ಯುವ ದೇಶವಿದು ಎಂಬರ್ಥದ ಮಾತು ಇದ್ದಿತು. ೧೯೯೩ರಲ್ಲಿ ಮನೆಗಳಿಗಾಗಿ ಕ್ಯಾಸೆಟ್ಟು ಹೊರಡುವಾಗ ಆ ಸಾಲನ್ನು ತೆಗೆದು, ಬಿಸಿಲನ್ನೂ ಬಯಲನ್ನೂ ವರ್ಣಿಸುವ ಬೇರೊಂದನ್ನು ಹಾಕಿದರು. ದೇಶವನ್ನೇ ಅನಾಗರಿಕವೆನ್ನುವ ಮುಂದಿನ ಸಾಲನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ೨೦೧೯ರಲ್ಲಿ ನಟರನ್ನಿಟ್ಟು ಅದೇ ಕಥೆಯನ್ನು ಮತ್ತೆ ತೆಗೆದಾಗ ಅದನ್ನೂ ಬದಲಾಯಿಸಿದರು. ಎರಡು ಪಂಕ್ತಿಗಳನ್ನು ತಿದ್ದಲು ಇಪ್ಪತ್ತೇಳು ವರುಷ!

ಆದರೆ ದೋಷವು ಹಾಡಿನಲ್ಲಿ ಮಾತ್ರ ಇದ್ದುದಲ್ಲ. ಅಗ್ರಬಾದ ನಿವಾಸಿಗಳೆಲ್ಲರೂ ಒಂದೇ ಊರಿನವರು, ಒಂದೇ ನೀರು ಕುಡಿದವರು. ಹೀಗಿದ್ದರೂ ನಾಯಕ ನಾಯಿಕೆಯರಿಬ್ಬರೂ ಅಚ್ಚ ಅಮೆರಿಕಾದ ಶೈಲಿಯಲ್ಲಿ ಮಾತನಾಡುತ್ತಾರೆ. ಕತ್ತಿ ಹಿರಿದು ಬೆನ್ನಟ್ಟುವ ಕಾವಲುಗಾರರೂ, ಒಂದು ಹಣ್ಣಿಗಾಗಿ ರಾಜಕುಮಾರಿಯ ಕೈ ಕತ್ತರಿಸಲು ಹೊರಡುವ ಅಂಗಡಿಯವನೂ ಪರದೇಶಿಯ ಒರಟು ಉಚ್ಚಾರಣೆಯಲ್ಲಿ ಗದರುತ್ತಾರೆ. ಅಲಾದೀನನ ಮುಖವನ್ನು ಬರೆದ ಗ್ಲೆನ್ ಕೀನ್ ಎಂಬ ಕಲಾವಿದರು ಟಾಮ್ ಕ್ರೂಸ್ ಎಂಬ ಅಮೆರಿಕಾದ ನಟನನ್ನು ಮಾದರಿಯಾಗಿ ಇಟ್ಟುಕೊಂಡರಂತೆ. ದುಷ್ಟಮಂತ್ರಿ ಜಾಫರನಿಗಾದರೋ ಕೊಕ್ಕಿನಂತಹ ಮೂಗು, ಉದ್ದ ಮೋರೆ, ಕಪ್ಪು ಉಡುಪು, ಇಂಗ್ಲೆಂಡಿನ ನಾಟಕರಂಗದ ಠೀವಿಯ ಮಾತು. ಒಂದು ಜನಾಂಗದಲ್ಲಿ ದುಷ್ಟನನ್ನು ಕಲ್ಪಿಸುವುದು ತಪ್ಪಲ್ಲ. ದುಷ್ಟನಿಲ್ಲದ ಜನಾಂಗ ಎಲ್ಲಿದೆ? ಇಲ್ಲಿಯ ಅನೌಚಿತ್ಯವೇ ಬೇರೆ. ಸಜ್ಜನಿಕೆಯ ಗುರುತು ಪ್ರೇಕ್ಷಕನಂತೆ ಕಾಣುವುದು, ದುರ್ಜನಿಕೆಯ ಗುರುತು ಸ್ವಂತ ಜನರಂತೆ ಕಾಣುವುದು ಎಂದಾಗಿದೆ. ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತವೆಂದನಷ್ಟೆ; ಇಲ್ಲಿ ಆ ಜೀವಕ್ಕೇ ಪೆಟ್ಟು ಬಿದ್ದಿದೆ.

ಕಾರ್ಟೂನೆಂದರೆ ಉತ್ಪ್ರೇಕ್ಷೆ, ಅದರಲ್ಲಿ ಮೂಗು ಉದ್ದವಾದರೇನು, ಮಾತು ಸೊಟ್ಟವಾದರೇನು, ಮಕ್ಕಳು ನಕ್ಕು ಮರೆಯುತ್ತಾರೆ ಎಂದು ಸಮಾಧಾನ ಹೇಳುವವರು ಅಲ್ಲಿಯೂ ಇಲ್ಲಿಯೂ ಇದ್ದಾರೆ. ಉತ್ಪ್ರೇಕ್ಷೆ ಆ ಕಲೆಯ ಉಸಿರು, ಒಪ್ಪಿದೆ. ಆದರೆ ನಾಯಕನ ಮೂಗು ಏತಕ್ಕೆ ಉದ್ದವಾಗಲಿಲ್ಲ? ರಾಜಕುಮಾರಿಯ ಮಾತು ಏತಕ್ಕೆ ಸೊಟ್ಟವಾಗಲಿಲ್ಲ? ಒಂದೇ ಕಾಗದದ ಮೇಲೆ ಒಬ್ಬನಿಗೆ ಅಳತೆಗೋಲು, ಇನ್ನೊಬ್ಬನಿಗೆ ಉತ್ಪ್ರೇಕ್ಷೆ ಎಂಬುದಕ್ಕೆ ಕಲೆಯ ನಿಯಮದಲ್ಲಿ ಆಧಾರವಿಲ್ಲ. ರೋಸೀನಾ ಲಿಪ್ಪಿ-ಗ್ರೀನ್ ಎಂಬ ಭಾಷಾಶಾಸ್ತ್ರಜ್ಞೆ ಡಿಸ್ನಿಯವರ ೨೪ ಚಿತ್ರಗಳಲ್ಲಿಯ ೩೭೧ ಪಾತ್ರಗಳ ಮಾತನ್ನು ಒಂದೊಂದಾಗಿ ಪರೀಕ್ಷಿಸಿ, ೧೯೯೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿದೇಶೀಯ ಉಚ್ಚಾರಣೆಯವರಲ್ಲಿ ದುಷ್ಟರ ಪ್ರಮಾಣ ಉಳಿದವರಿಗಿಂತ ಬಹಳ ಹೆಚ್ಚೆಂದು ತೋರಿಸಿದ್ದಾರೆ. ಕಿವಿಯ ಪಾಠವನ್ನು ಲೆಕ್ಕಹಾಕಿ ತೋರಿಸಿದ ಈ ವಿದುಷಿಗೆ ಪಂಡಿತರು ಕೊಟ್ಟಷ್ಟು ಲಕ್ಷ್ಯವನ್ನು ತಾಯಿತಂದೆಗಳು ಕೊಡಲಿಲ್ಲವೆಂದು ತೋರುತ್ತದೆ.

ಪಾಶ್ಚಾತ್ಯರನ್ನು ಆಕ್ಷೇಪಿಸುವ ಮೊದಲು ನಮ್ಮ ಶಾಸ್ತ್ರವನ್ನೂ ತೆರೆದು ನೋಡುವುದು ನ್ಯಾಯ. ನಾಟ್ಯಶಾಸ್ತ್ರದ ಆಹಾರ್ಯಾಧ್ಯಾಯದಲ್ಲಿ ಯಾವ ಜನರ ಮೈಗೆ ಯಾವ ಬಣ್ಣ ಬಳಿಯಬೇಕೆಂಬ ವಿಧಿಯುಂಟು. ಕಿರಾತರು, ಬರ್ಬರರು, ಆಂಧ್ರರು, ದ್ರಮಿಡರು, ದಾಕ್ಷಿಣಾತ್ಯರು ಕಪ್ಪು. ಶಕ, ಯವನ, ಪಹ್ಲವ, ಬಾಹ್ಲಿಕರು ಬಿಳುಪು. ನಾವು ಯಾವ ಪಂಕ್ತಿಗೆ ಸೇರಿದವರೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಅಲ್ಲಿ 'ಪ್ರಾಯೇಣ' ಎಂಬ ಒಂದು ಪದವಿದೆ. ಬಹುಮಟ್ಟಿಗೆ ಎಂದು ಅದರ ಅರ್ಥ. ಮುನಿಯು ಇಷ್ಟಾದರೂ ಬಾಗಿಲನ್ನು ತೆರೆದಿಟ್ಟನು. ಆದರೆ ಭಾಷಾವಿಧಾನದಲ್ಲಿ ಅದೇ ಬರ್ಬರ ಕಿರಾತ ಆಂಧ್ರ ದ್ರಮಿಡರ ನುಡಿಯನ್ನು ರಂಗದ ಮೇಲೆ ತರಬಾರದೆಂದು ಹೇಳಿದೆ. ಬಣ್ಣವನ್ನು ಕೊಟ್ಟು ನುಡಿಯನ್ನು ತೆಗೆದುಕೊಂಡಂತಾಯಿತು.

ಇಂತಹ ವಿಧಿಗಳ ನಡುವೆ ಮಹಾಕವಿಯು ಹೇಗೆ ನಡೆಯುತ್ತಾನೆಂಬುದನ್ನು ಮೃಚ್ಛಕಟಿಕದಲ್ಲಿ ನೋಡಬೇಕು. ಅಲ್ಲಿಯ ದುಷ್ಟನಾದ ಶಕಾರನ ಮಾತು ಕೇಳಿದೊಡನೆ ನಗು ಬರುತ್ತದೆ. ಸಕಾರವೆಲ್ಲ ಶಕಾರವಾಗಿ, ಪುರಾಣಕಥೆಗಳೆಲ್ಲ ತಲೆಕೆಳಗಾಗಿ ಅವನ ಬಾಯಿಂದ ಹೊರಡುತ್ತವೆ. ಇಷ್ಟೇ ಆಗಿದ್ದರೆ ಶೂದ್ರಕನೂ ಅಗ್ರಬಾದ ಕರ್ತರ ಸಾಲಿನಲ್ಲಿ ನಿಲ್ಲುತ್ತಿದ್ದನು. ಆದರೆ ಕೊನೆಯ ಅಂಕದಲ್ಲಿ ಚಾರುದತ್ತನನ್ನು ವಧ್ಯಸ್ಥಾನಕ್ಕೆ ಒಯ್ಯುವ ಇಬ್ಬರು ಚಂಡಾಲರು ಬರುತ್ತಾರೆ. ಅವರ ಪ್ರಾಕೃತವೂ ಶಾಸ್ತ್ರದ ದೃಷ್ಟಿಯಲ್ಲಿ ಹೀನವೇ. ಅವರಲ್ಲೊಬ್ಬನು, ಅವಸರಪಟ್ಟು ಕೊಲ್ಲಬೇಡ, ಯಾರಾದರೂ ಧನವಿತ್ತು ಬಿಡಿಸಬಹುದು, ರಾಜನಿಗೆ ಮಗ ಹುಟ್ಟಬಹುದು, ಆನೆ ಕಟ್ಟು ಹರಿದುಕೊಂಡು ಬರಬಹುದು ಎಂದು ತನ್ನ ತಂದೆ ಸಾಯುವಾಗ ಹೇಳಿದ ಬುದ್ಧಿಮಾತನ್ನು ನೆನೆಯುತ್ತಾನೆ. ಇಡೀ ಉಜ್ಜಯಿನಿಯ ನ್ಯಾಯಸ್ಥಾನದಲ್ಲಿ ಕಾಣದ ಕರುಣೆ ಈ ಕೊಲೆಗಾರರ ಅಡಕನುಡಿಯಲ್ಲಿ ಕಾಣುತ್ತದೆ. ವಸಂತಸೇನೆಯ ಔದಾರ್ಯವೂ ಪ್ರಾಕೃತದಲ್ಲಿಯೇ ನುಡಿಯುವುದು. ನುಡಿಗೂ ನಡತೆಗೂ ಇದ್ದ ಗಂಟನ್ನು ಕವಿ ಬಿಚ್ಚಿದನು. ಅಲಾದೀನ್ ಚಿತ್ರದಲ್ಲಿ ಒರಟು ಉಚ್ಚಾರಣೆಯ ಒಬ್ಬ ದಯಾಳುವಾದ ಕಾವಲುಗಾರನಿದ್ದಿದ್ದರೆ ಈ ಲೇಖನದ ಅರ್ಧಭಾಗವನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಹಾಗಾದರೆ ಪಾತ್ರವು ಒಳ್ಳೆಯದಾದರೆ ಸಾಕೆ? ಸಾಲದು. 'ಸಿಂಪ್ಸನ್ಸ್' ಎಂಬ ಅಮೆರಿಕಾದ ಕಾರ್ಟೂನಿನಲ್ಲಿ ಅಪು ಎಂಬ ಭಾರತೀಯ ಅಂಗಡಿಗಾರನ ಪಾತ್ರವು ೧೯೯೦ರಲ್ಲಿ ಬಂದಿತು. ಅದು ಮಕ್ಕಳಿಗೆಂದೇ ಮಾಡಿದ ಚಿತ್ರವಲ್ಲದಿದ್ದರೂ ಮಕ್ಕಳು ತಪ್ಪದೆ ನೋಡುವಂತಹುದು. ಅಪು ಶ್ರಮಜೀವಿ, ಸಸ್ಯಾಹಾರಿ, ವಿದ್ಯಾವಂತ. ಅವನ ಕುಲನಾಮವನ್ನು ಮಾತ್ರ ಭಾರತದ ಯಾವ ಭಾಷೆಯ ವ್ಯಾಕರಣವೂ ಸಂಧಿ ಬಿಡಿಸಲಾರದು. ಪಾಣಿನಿಯೇ ಬಂದರೂ ಕೈಮುಗಿದು ಹಿಂದಿರುಗುವನು. ಅವನಿಗೆ ದನಿ ಕೊಟ್ಟವರು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟರು. ಹರಿ ಕೊಂಡಬೋಲು ಎಂಬ ಭಾರತೀಯ ಮೂಲದ ಹಾಸ್ಯಗಾರರು ೨೦೧೭ರಲ್ಲಿ 'ದಿ ಪ್ರಾಬ್ಲಂ ವಿತ್ ಅಪು' ಎಂಬ ಸಾಕ್ಷ್ಯಚಿತ್ರದಲ್ಲಿ, ಆ ಅಣಕದ ದನಿಯನ್ನೇ ಹಿಡಿದು ಭಾರತೀಯರ ಮಕ್ಕಳನ್ನು ಶಾಲೆಗಳಲ್ಲಿ ಹಂಗಿಸುತ್ತಿದ್ದುದನ್ನು ಎತ್ತಿ ಆಡಿದರು. ಅಪುವಿನ ಸದ್ಗುಣಗಳಲ್ಲಿ ಒಂದನ್ನೂ ಸಹಪಾಠಿಗಳು ಅನುಕರಿಸಲಿಲ್ಲ, ದನಿಯನ್ನು ಅನುಕರಿಸಿದರು. ಅಮೆರಿಕಾದಲ್ಲಿ ನೆಲಸಿದ ಕನ್ನಡಿಗರ ಮಕ್ಕಳೂ ಆ ಶಾಲೆಗಳಲ್ಲಿಯೇ ಓದಿದವರು.

೨೦೨೦ರಲ್ಲಿ ಅಜಾರಿಯಾ ಆ ಪಾತ್ರಕ್ಕೆ ದನಿ ಕೊಡುವುದನ್ನು ಬಿಟ್ಟರು. ಅದೇ ವರುಷ ಬಿಳಿಯರಲ್ಲದ ಪಾತ್ರಗಳಿಗೆ ಬಿಳಿಯ ನಟರ ದನಿ ಇನ್ನು ಕೂಡದೆಂದು ಆ ಚಿತ್ರದವರು ಸಾರಿದರು. ಇದನ್ನು ನಾನು ಪೂರ್ಣವಾಗಿ ಒಪ್ಪಲಾರೆ. ವಯಸ್ಸಿಗೂ ಲಿಂಗಕ್ಕೂ ಹೊಂದದ ನಟನು ಪಾತ್ರ ವಹಿಸುವುದನ್ನು ಭರತನು ಅಂಗೀಕರಿಸಿದ್ದಾನೆ; ಪರಕಾಯಪ್ರವೇಶವಿಲ್ಲದೆ ಅಭಿನಯವೆಲ್ಲಿ? ಹುಟ್ಟಿನಿಂದಲೇ ಪಾತ್ರವನ್ನು ಹಂಚುವುದಾದರೆ ಅದು ಇನ್ನೊಂದು ಬಗೆಯ ಜಾತಿನಿಯಮವಾದೀತು. ಆದರೆ ಅಲ್ಲಿಯ ಭಾರತೀಯ ನಟರಿಗೆ ನಾಯಕನ ದನಿ ಎಂದೂ ದೊರೆಯದೆ, ಅವರ ದನಿಯ ಅಣಕವನ್ನು ಮಾತ್ರ ಬೇರೆಯವರು ಮಾರುತ್ತಿದ್ದಾಗ ಅವರು ಕೋಪಿಸಿಕೊಂಡುದು ಸಹಜ. ನಟನನ್ನು ಬದಲಾಯಿಸಿ ಅಣಕವನ್ನು ಉಳಿಸಿಕೊಂಡರೆ ಏನೂ ಆಗಲಿಲ್ಲ.

ಹಳೆಯ ಚಿತ್ರಗಳನ್ನು ಮುಚ್ಚಿಡುವ ಪದ್ಧತಿಯೂ ಒಂದುಂಟು. ೧೯೪೬ರ 'ಸಾಂಗ್ ಆಫ್ ದಿ ಸೌತ್' ಎಂಬ ಚಿತ್ರವನ್ನು ಕರಿಯರ ಸಂಘಟನೆಗಳು ಆಗಲೇ ಖಂಡಿಸಿದ್ದುವು. ಡಿಸ್ನಿಯವರು ಅದನ್ನು ತಮ್ಮ ದೇಶದಲ್ಲಿ ಮನೆಗಳಿಗೆಂದು ಬಿಡುಗಡೆ ಮಾಡಲೇ ಇಲ್ಲ. ವಾರ್ನರ್ ಸಂಸ್ಥೆಯ ಹನ್ನೊಂದು ಕಿರುಚಿತ್ರಗಳನ್ನು ೧೯೬೮ರಲ್ಲಿ ಪ್ರದರ್ಶನದಿಂದ ಹಿಂತೆಗೆದರು. ೧೯೪೧ರ 'ಡಂಬೊ' ಚಿತ್ರದ ಕಾಗೆಗಳ ವಿಷಯದಲ್ಲಿ ಇನ್ನೂ ವಾದ ನಡೆದಿದೆ: ಮುಖ್ಯವಾದ ಕಾಗೆಗೆ ದನಿಯಿತ್ತವನು ಬಿಳಿಯನು, ಚಿತ್ರಶಾಲೆಯಲ್ಲಿ ಅದಕ್ಕಿಟ್ಟ ಹೆಸರು ಕರಿಯರನ್ನು ಬೇರ್ಪಡಿಸಿದ ಕಾನೂನುಗಳಿಗಿದ್ದ ಜಿಮ್ ಕ್ರೋ ಎಂಬ ಹೆಸರೇ; ಆದರೂ ತಾಯಿಯಿಂದ ಅಗಲಿದ ಆನೆಮರಿಯ ದುಃಖಕ್ಕೆ ಮರುಗಿ ಅದನ್ನು ಹಾರಲು ಕಲಿಸುವವು ಆ ಕಾಗೆಗಳೇ. ಇಂತಹುದನ್ನು ಮುಚ್ಚಿಡುವುದರಿಂದ ಗುಣವೂ ದೋಷವೂ ಒಟ್ಟಿಗೆ ಕಾಣದಾಗುತ್ತವೆ. 'ಸಾಂಗ್ ಆಫ್ ದಿ ಸೌತ್' ಚಿತ್ರದಲ್ಲಿ ನಟಿಸಿದ ಜೇಮ್ಸ್ ಬಾಸ್ಕೆಟ್ ಎಂಬ ಕರಿಯ ನಟನಿಗೆ ೧೯೪೮ರಲ್ಲಿ ವಿಶೇಷ ಆಸ್ಕರ್ ಗೌರವ ದೊರೆಯಿತು. ಚಿತ್ರದೊಡನೆ ಅವನ ಕಲೆಯೂ ಪೆಟ್ಟಿಗೆ ಸೇರಿತು. ಇದಕ್ಕಿಂತ, ೨೦೨೦ರಲ್ಲಿ ಡಿಸ್ನಿಯವರು ಹಳೆಯ ಚಿತ್ರಗಳ ಮೊದಲಲ್ಲಿ ಎಚ್ಚರಿಕೆಯ ಮಾತನ್ನು ಹಾಕಿ ತೋರಿಸಿದುದು ಮೇಲು. ತಾಯಿ ಹತ್ತಿರ ಕುಳಿತು ಎರಡು ಮಾತು ಹೇಳುವುದು ಅದಕ್ಕಿಂತಲೂ ಮೇಲು.

ಹೊಸ ಚಿತ್ರಗಳಲ್ಲಿ ಬಣ್ಣದ ಕೊರತೆಯನ್ನು ತುಂಬುವ ಯತ್ನ ನಡೆದಿದೆ. ೨೦೦೯ರಲ್ಲಿ ಡಿಸ್ನಿಯವರ ಮೊದಲ ಕರಿಯ ರಾಜಕುಮಾರಿ ಟಿಯಾನಾ ಬಂದಳು. ಬಂದವಳು ಚಿತ್ರದ ಬಹುಭಾಗ ಹಸುರು ಕಪ್ಪೆಯಾಗಿಯೇ ಇರುತ್ತಾಳೆ! ಕಥೆಗೆ ಅದು ಬೇಕೆಂಬುದು ನಿಜ. ಆದರೂ ಇಷ್ಟು ವರುಷ ಕಾದ ಮಕ್ಕಳಿಗೆ ಕಪ್ಪೆಯನ್ನು ತೋರಿಸಿದುದು ವಿಧಿವಿಲಾಸವೇ. ನುಡಿಯ ಕಡೆಯಿಂದ ನನಗೆ ಹೆಚ್ಚು ಮೆಚ್ಚಿಕೆಯಾದುದು ಬೇರೆ. ಪಾಲಿನೇಷಿಯಾ ದ್ವೀಪಗಳ ಕಥೆಯಾದ 'ಮೊಆನಾ' (೨೦೧೬) ಚಿತ್ರವನ್ನು ಮರುವರುಷವೇ ಮಾವೊರಿ ಭಾಷೆಗೆ ತಂದರು. ೨೦೧೯ರ 'ಫ್ರೋಜನ್' ಎರಡನೆಯ ಭಾಗಕ್ಕಾಗಿ ಉತ್ತರ ಯೂರೋಪಿನ ಸಾಮಿ ಜನರ ಪ್ರತಿನಿಧಿ ಸಭೆಗಳೊಡನೆ ಒಪ್ಪಂದ ಮಾಡಿಕೊಂಡು, ಚಿತ್ರವನ್ನು ಸಾಮಿ ನುಡಿಯಲ್ಲಿಯೂ ಸಿದ್ಧಪಡಿಸಿದರು. ಅಲ್ಲಿಯ ಮಗುವು ತನ್ನ ಮುಖವನ್ನು ನೋಡಿದುದಲ್ಲದೆ ತನ್ನ ಮಾತನ್ನೂ ಕೇಳಿತು.

ಇನ್ನು ನಮ್ಮ ಮನೆಯ ಮಾತು. ೨೦೦೮ರಲ್ಲಿ ಆರಂಭವಾದ 'ಛೋಟಾ ಭೀಮ್' ಎಂಬ ಭಾರತೀಯ ಕಾರ್ಟೂನಿನಲ್ಲಿ ಜಗಳಗಂಟ ಹುಡುಗನ ಹೆಸರು ಕಾಲಿಯಾ, ಅಂದರೆ ಕರಿಯ. ಹೆಸರಿನಲ್ಲಿಯೇ ಕೃಷ್ಣನೆನಿಸಿದ ದೇವರನ್ನು ತಿಳಿನೀಲಿಯಾಗಿ ಬರೆಯುವ ನಾವು, ಕರಿಯನೆಂಬ ಹೆಸರನ್ನು ಯಾರಿಗೆ ಇಡುತ್ತೇವೆಂಬುದನ್ನು ಗಮನಿಸಬೇಕು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ರಾಕ್ಷಸನ ಪಾತ್ರಕ್ಕೆ ಯಾವ ಬಣ್ಣದ ಹುಡುಗನನ್ನು ಆರಿಸುತ್ತಾರೆಂಬುದು ಉಪಾಧ್ಯಾಯರಿಗೆಲ್ಲ ತಿಳಿದ ಸಂಗತಿ. ನುಡಿಯ ವಿಷಯವೂ ಹೀಗೆಯೇ. ನಮ್ಮ ಕನ್ನಡ ಚಲಚ್ಚಿತ್ರಗಳಲ್ಲಿ ನಾಯಕನಿಗೆ ಮೈಸೂರು ಬೆಂಗಳೂರುಗಳ ಕನ್ನಡ. ಮಂಗಳೂರಿನ ಕನ್ನಡವೂ ಧಾರವಾಡದ ಕನ್ನಡವೂ ಬಹುಮಟ್ಟಿಗೆ ಹಾಸ್ಯಗಾರನ ಪಾಲಿಗೆ. ಪಂಪ ರನ್ನರ ನಾಡಿನ ನುಡಿಗೆ ಇಂದು ದೊರೆತ ಮರ್ಯಾದೆ ಇದು! ಆ ರನ್ನನು ದುರ್ಯೋಧನನ ಬಾಯಲ್ಲಿ ಇಟ್ಟ ಮಾತುಗಳಿಗೆ ಭೀಮನ ಮಾತುಗಳಿಗಿಂತ ಕುಂದುಂಟೆ? ಕರಾವಳಿಯ ಯಕ್ಷಗಾನದಲ್ಲಿ ಬಣ್ಣದ ವೇಷದ ರಾಕ್ಷಸನು ಎಷ್ಟೇ ಭೀಕರವಾಗಿ ಆರ್ಭಟಿಸಲಿ, ಬಾಯಿ ತೆರೆದನೆಂದರೆ ದೇವೇಂದ್ರನಾಡುವ ಪ್ರೌಢವಾದ ಕನ್ನಡವನ್ನೇ ಆಡುತ್ತಾನೆ; ತಾಳಮದ್ದಳೆಯ ರಾವಣನು ವಾದದಲ್ಲಿ ರಾಮನನ್ನೂ ನಿಲ್ಲಿಸುತ್ತಾನೆ.

ಮಕ್ಕಳಿಗಾಗಿಯೇ ಚಿಂಟು ಎಂಬ ಕನ್ನಡ ವಾಹಿನಿಯು ೨೦೦೯ರಲ್ಲಿ ಹುಟ್ಟಿದ ಮೇಲೆ ಪರದೇಶದ ಕಾರ್ಟೂನುಗಳಿಗೆ ಕನ್ನಡದ ಮಾತು ಕೊಡುವ ಕೆಲಸವು ಒಂದು ವೃತ್ತಿಯೇ ಆಗಿದೆ. ಆ ಮಾತುಗಳನ್ನು ಬರೆಯುವ ಮಹನೀಯರನ್ನು ಒಂದು ಪ್ರಶ್ನೆ ಕೇಳಬೇಕಾಗಿದೆ: ಅಗ್ರಬಾದಂತಹ ಪಟ್ಟಣದ ಹೆಬ್ಬಾಗಿಲಿನಲ್ಲಿ ಕತ್ತಿ ಹಿಡಿದು ನಿಂತ ಕಾವಲುಗಾರನಿಗೆ ನೀವು ಯಾವ ಊರಿನ ಕನ್ನಡವನ್ನು ಕೊಡುವಿರಿ?