ಅಷ್ಟಾವಕ್ರೋಪಾಖ್ಯಾನದಲ್ಲಿ ಶಿಶುಪಾಲನೆ

ವನಪರ್ವದ ಈ ಉಪಾಖ್ಯಾನವನ್ನು ವಿಮರ್ಶಿಸುವವರು ಬಹುಮಟ್ಟಿಗೆ ಬಂದಿಯೊಡನೆ ನಡೆದ ವಾದದಲ್ಲಿಯೇ ನಿಲ್ಲುವರು. ಕಥೆಯ ಮರ್ಮವಾದರೋ ಅದಕ್ಕೆ ಮೊದಲೇ ಇದೆ. ಗರ್ಭಸ್ಥ ಶಿಶುವು ತನ್ನ ಅಧ್ಯಯನದಲ್ಲಿ ದೋಷವೆಣಿಸಲು ಕಹೋಡನು ಶಪಿಸಿದನು. ವೈಕಲ್ಯವು ತಂದೆಯ ಕೋಪದ ಫಲ. ಮಾತಾಮಹನಾದ ಉದ್ದಾಲಕನ ಆಶ್ರಮದಲ್ಲಿ ಬೆಳೆದ ಬಾಲಕನು ಅವನನ್ನೇ ತಂದೆಯೆಂದೂ ಶ್ವೇತಕೇತುವನ್ನು ಸೋದರನೆಂದೂ ತಿಳಿದಿದ್ದನು. ಹನ್ನೆರಡನೆಯ ವರ್ಷದಲ್ಲಿ ಶ್ವೇತಕೇತುವು ಅವನನ್ನು ಆ ತೊಡೆಯಿಂದೆಳೆದುದು ಅದು ಅವನ ತಂದೆಯದಲ್ಲವೆಂಬ ಕಾರಣಕ್ಕೆ, ಮೈ ವಕ್ರವೆಂದಲ್ಲ. ಜನಕನ ದ್ವಾರಪಾಲನು ತಡೆದುದೂ ಎಳೆವಯಸ್ಸಿಗಾಗಿ. ಸಮಂಗಾನದಿಯು ಅಂಗಗಳನ್ನು ನೇರಮಾಡುವ ಮೊದಲೇ ಜಯವು ಲಭಿಸಿತ್ತೆಂಬುದನ್ನು ಮರೆಯಲಾಗದು.

2006ರ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 23ನೆಯ ವಿಧಿಯು ಇಂಥ ಮಕ್ಕಳಿಗೂ ಅವರ ಕುಟುಂಬಗಳಿಗೂ ಮೊದಲಿನಿಂದಲೇ ತಿಳಿವಳಿಕೆಯನ್ನೂ ನೆರವನ್ನೂ ಒದಗಿಸಬೇಕೆನ್ನುತ್ತದೆ. ತಂದೆತಾಯಿಗಳಿಗೆ ಶಿಶುಪಾಲನೆಯನ್ನು ಬೋಧಿಸುವವರು ಈ ಮಕ್ಕಳನ್ನು ಬೇರ್ಪಡಿಸದೆ, ಉದ್ದಾಲಕನಂತೆ ಎಲ್ಲರಿಗೂ ಒಂದೇ ತೊಡೆಯನ್ನು ಕಲ್ಪಿಸುವುದು ಯುಕ್ತ. ಮೊದಲು ತಿದ್ದಬೇಕಾದುದು ಮಗುವಿನ ಮೈಯನ್ನಲ್ಲ, ಕಹೋಡನ ಮನಸ್ಸನ್ನು.