ಬಿಸಿನೀರು ಎಷ್ಟು ಗಂಟೆಗೆ?

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಹಮದಾಬಾದಿನ ನವರಂಗಪುರದ ಸ್ಟೇಡಿಯಂ ಸರ್ಕಲ್ಲಿನ ಹತ್ತಿರದ ಚಹಾದಂಗಡಿಯ ಮುಂದೆ ಐದಾರು ಸೈಕಲ್ಲುಗಳು ಒರಗಿ ನಿಂತಿರುತ್ತವೆ. ಒಂದೊಂದರ ಬೆಲೆಗೆ ಒಂದು ಸ್ಕೂಟರ್ ಬರುತ್ತದೆ. ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಮಸ್ಕಾಬನ್ನನ್ನು ಮಸಾಲೆ ಚಹಾದಲ್ಲಿ ಅದ್ದಿ ತಿನ್ನುತ್ತಿರುವವರು ಟ್ರಯಥ್ಲಾನ್ ಮಂದಿ: ಈಜಿ, ಸೈಕಲ್ ಹೊಡೆದು, ಆಮೇಲೆ ಓಡುವವರು. ಒಬ್ಬರು ಲೆಕ್ಕಪರಿಶೋಧಕರು, ಒಬ್ಬರು ಸೂರತ್ತಿನಲ್ಲಿ ವಜ್ರದ ವ್ಯಾಪಾರ ಮಾಡುವವರು, ವಡೋದರಾದಿಂದ ತಿಂಗಳಿಗೊಮ್ಮೆ ಬರುವ ಹಲ್ಲಿನ ಡಾಕ್ಟರಮ್ಮ ಒಬ್ಬರು, ಮತ್ತೆ ನಾನು. ನಾವು ಏನು ಮಾತಾಡುತ್ತೇವೆ ಅಂದುಕೊಂಡಿರಿ? ಸಾಧನೆ, ಸಂಕಲ್ಪ ಯಾವುದೂ ಅಲ್ಲ. "ಆ ಲಾಡ್ಜಿನ ಲಿಫ್ಟಿನಲ್ಲಿ ಸೈಕಲ್ ಹಿಡಿಸುತ್ತದಾ, ಭಾಯಿ?" "ಹ್ಯಾಂಡಲ್ ತಿರುಗಿಸಿ ನಿಲ್ಲಿಸಿದರೆ ಹಿಡಿಸುತ್ತದೆ." "ಬಿಸಿನೀರು ಎಷ್ಟು ಗಂಟೆಗೆ?" "ಆರಕ್ಕೆ." "ಹಾಗಾದರೆ ಬೇಡ, ನಾವು ನಾಲ್ಕಕ್ಕೆ ಹೊರಡಬೇಕಲ್ಲ."

ಬಾಗಲಕೋಟೆಯಿಂದ ಬಂದಿದ್ದ ನನ್ನ ಅಣ್ಣ ಒಂದು ಭಾನುವಾರ ಈ ಮಾತನ್ನೆಲ್ಲ ಕೇಳಿಸಿಕೊಂಡು ಮನೆಗೆ ಬಂದ ಮೇಲೆ ನಕ್ಕ. "ಏನಪಾ ತಮ್ಮಾ, ನಿಮ್ಮದು ಆಟವೋ ಯಾತ್ರೆಯೋ? ಓಡೂ ಮಾತ ಕಡಿಮಿ, ಲಾಡ್ಜಿನ ಮಾತ ಭಾಳ."

ಅಣ್ಣ ಒಬ್ಬನ ಅಭಿಪ್ರಾಯವಲ್ಲ ಇದು. ಟ್ರಯಥ್ಲಾನ್ ಎಂದರೆ ಛಲ, ಮನಸ್ಸು ಮಾಡಿದರೆ ದೇಹ ಹಿಂದೆ ಬರುತ್ತದೆ, ಉಳಿದದ್ದೆಲ್ಲ ಹರಟೆ ಎಂಬುದು ಪತ್ರಿಕೆಗಳ ನಂಬಿಕೆ, ಅಭಿನಂದನಾ ಭಾಷಣಗಳ ನಂಬಿಕೆ. ಸ್ಪರ್ಧೆ ಮುಗಿಸಿ ಪದಕ ಕಚ್ಚಿ ಫೋಟೋ ತೆಗೆಸಿಕೊಳ್ಳುವ ನಮ್ಮವರ ನಂಬಿಕೆಯೂ ಅದೇ. ಹತ್ತು ವರ್ಷ ಈ ಗುಂಪಿನ ಹಿಂದೆ ಹಿಂದೆ ಓಡಿರುವ ನನಗೆ ಈ ನಂಬಿಕೆ ತಲೆಕೆಳಗಾಗಿ ಕಾಣುತ್ತದೆ. ಛಲ ಇರುವವರು ಬೀದಿಗೊಬ್ಬರು ಸಿಗುತ್ತಾರೆ. ಟ್ರಯಥ್ಲಾನ್ ಏರ್ಪಾಡಿನ ಆಟ. ಆ ಲಾಡ್ಜಿನ ಮಾತೇ ಅದರ ಶಾಸ್ತ್ರ.

ಇದರ ಮೂಲಕ್ಕೆ ಹೋದರೂ ಸಿಗುವುದು ಹರಟೆಯೇ. ಹವಾಯಿಯಲ್ಲಿ ಒಂದು ರಿಲೇ ಓಟದ ಬಹುಮಾನ ಸಮಾರಂಭದಲ್ಲಿ ಓಟಗಾರರು ಗಟ್ಟಿಗರೋ ಈಜುಗಾರರೋ ಎಂಬ ಜಗಳ ಹತ್ತಿತು. ಅಮೆರಿಕದ ನೌಕಾಪಡೆಯ ಜಾನ್ ಕಾಲಿನ್ಸ್, ಸೈಕಲ್ಲಿನವರನ್ನೂ ಮರೆಯಬೇಡಿ ಎಂದು ಸೇರಿಸಿ, ಆ ದ್ವೀಪದಲ್ಲಿ ಆಗಲೇ ಇದ್ದ ಈಜು, ಸೈಕಲ್, ಮ್ಯಾರಥಾನ್ ಮೂರನ್ನೂ ಒಂದೇ ದಿನಕ್ಕೆ ಪೋಣಿಸಿದರು. 1978ರ ಫೆಬ್ರವರಿ 18ರಂದು ಹೊರಟವರು 15 ಜನ, ಮುಗಿಸಿದವರು 12. ಆ ದಿನ ನೀರು, ಊಟ ಕೊಡುವವರನ್ನು ಸ್ಪರ್ಧಿಗಳೇ ಕರೆತರಬೇಕಿತ್ತು. ಜಾನ್ ಡನ್‌ಬಾರ್ ಎಂಬ ನೌಕಾಪಡೆಯ ಕಮಾಂಡೊ ಮುಂದಿದ್ದ. ಛಲದ ಪರೀಕ್ಷೆಗೆ ಅವನಿಗಿಂತ ಒಳ್ಳೆಯ ಅಭ್ಯರ್ಥಿ ಇರಲಾರ. ಆದರೆ ಮ್ಯಾರಥಾನಿನ ನಡುವೆ ಅವನ ಸಹಾಯಕರ ಬಳಿ ನೀರು ಮುಗಿಯಿತು. ಅವರು ಕೊಟ್ಟದ್ದು ಬಿಯರ್. (ನವರಂಗಪುರದಲ್ಲಾಗಿದ್ದರೆ ಗುಜರಾತಿನ ಪಾನನಿಷೇಧದಿಂದಾಗಿ ಅದೂ ಸಿಗುತ್ತಿರಲಿಲ್ಲ.) ಗಾರ್ಡನ್ ಹಾಲರ್ ಅವನನ್ನು ದಾಟಿ 11 ಗಂಟೆ 46 ನಿಮಿಷಕ್ಕೆ ಗೆದ್ದ, ಡನ್‌ಬಾರ್ ಅರ್ಧ ಗಂಟೆಗೂ ಹೆಚ್ಚು ಹಿಂದೆ ಬಂದ. ಐರನ್‌ಮ್ಯಾನ್ ಎಂಬ ಹೆಸರು ಬಿದ್ದ ಮೊದಲ ದಿನವೇ ಫಲಿತಾಂಶದಲ್ಲಿ ನೀರಿನ ಡಬ್ಬಿಯ ಪಾಲಿತ್ತು.

ಹಾಗಾದರೆ ಛಲದ ಕಥೆ ಎಲ್ಲಿಂದ ಬಂತು? ಟಿವಿಯಿಂದ. 1982ರ ಐರನ್‌ಮ್ಯಾನಿನಲ್ಲಿ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಗುರಿಯ ಹತ್ತಿರ ಕುಸಿದು, ಅಂಬೆಗಾಲಿಟ್ಟು ಗೆರೆ ಮುಟ್ಟಿದ್ದನ್ನು ಅಮೆರಿಕವಿಡೀ ನೋಡಿತು. ಆಕೆ ತೆವಳುತ್ತಿದ್ದಾಗ ಪಕ್ಕದಲ್ಲೇ ಓಡಿಹೋಗಿ ಗೆದ್ದ ಕ್ಯಾಥ್ಲೀನ್ ಮೆಕಾರ್ಟ್ನಿಯ ಹೆಸರು ಯಾರಿಗೆ ನೆನಪಿದೆ? ಸರಿಯಾಗಿ ತಿಂದು, ಕುಡಿದು, ನೆಟ್ಟಗೆ ನಿಂತು ಗೆದ್ದವಳಲ್ಲಿ ಕ್ಯಾಮೆರಾಕ್ಕೆ ಕಥೆ ಸಿಗಲಿಲ್ಲ. ಬೆಂದುಹೋದ, ನೀರಿಲ್ಲದ ದೇಹ ಕುಸಿಯುವುದು ಎಚ್ಚರಿಕೆ. ನಾವು ಅದನ್ನು ಆದರ್ಶ ಮಾಡಿಕೊಂಡೆವು.

ಹತ್ತಿರದ ಉದಾಹರಣೆ ನೋಡೋಣ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರಿನಲ್ಲಿ ಗೋವಾದ ಐರನ್‌ಮ್ಯಾನ್ 70.3 ಮುಗಿಸಿದರು: 1.9 ಕಿ.ಮೀ. ಸಮುದ್ರದ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಸಮಯ 8 ಗಂಟೆ 27 ನಿಮಿಷ 32 ಸೆಕೆಂಡು. ಎಲ್ಲ ಕಡೆ ಹೊಗಳಿದ್ದು ಸಂಕಲ್ಪವನ್ನು. ಹೊಗಳಲಿ, ಮೊದಲ ಸಲ ಸಮುದ್ರಕ್ಕಿಳಿಯಲು ಎದೆ ಬೇಕು. ಆದರೆ ಇಂಥ ಸ್ಪರ್ಧೆಗಳಿಗೆ ಸಾಮಾನ್ಯವಾಗಿ ಗಡುವು ಎಂಟೂವರೆ ಗಂಟೆ. ನಡುವಿನ ಅಂತರ ಎರಡೂವರೆ ನಿಮಿಷಕ್ಕೂ ಕಡಿಮೆ. ಹಿಂದಿನ ಚಕ್ರ ಒಂದು ಸಲ ಪಂಕ್ಚರ್ ಆದರೆ, ಟೈರ್ ಬಿಚ್ಚಿ, ಟ್ಯೂಬ್ ಬದಲಿಸಿ, ಗಾಳಿ ಹಾಕುವುದಕ್ಕೆ ಪಳಗಿದ ಕೈಗೂ ಐದು ನಿಮಿಷ ಬೇಕು. ಆಗ ಅದೇ ಮನುಷ್ಯನ ಅದೇ ಛಲಕ್ಕೆ ಪದಕವಿಲ್ಲ, ಸುದ್ದಿಯಿಲ್ಲ. ಹಿಂದಿನ ರಾತ್ರಿ ಟೈರಿಗೆ ಕೈಯಾಡಿಸಿ ಗಾಜಿನ ಚೂರು ಹುಡುಕುವುದು ಯಾವ ಭಾಷಣದಲ್ಲೂ ಬರುವುದಿಲ್ಲ.

ನನಗೆ ಇದು ಪುಸ್ತಕದಿಂದ ಗೊತ್ತಾದದ್ದಲ್ಲ. ಸಮುದ್ರದ ಪಕ್ಕದ ಒಂದೂರಿನಲ್ಲಿ ಸಣ್ಣದೊಂದು ಸ್ಪರ್ಧೆ. ಲಾಡ್ಜಿನವರು ಸೈಕಲ್ ಕೋಣೆಗೆ ಒಯ್ಯುವಂತಿಲ್ಲ, ಟೈಲ್ಸ್ ಹಾಳಾಗುತ್ತದೆ ಎಂದರು. ಫೋನಿನಲ್ಲಿ ಕೇಳಿದಾಗ "ಆಯ್ತು ಸಾಹೇಬ" ಅಂದಿದ್ದರು. ಸೈಕಲ್ ಎಂದರೆ ಮಕ್ಕಳದ್ದೇನೋ ಅಂದುಕೊಂಡಿರಬೇಕು. ರಾತ್ರಿ ಪಾರ್ಕಿಂಗಿನಲ್ಲಿ ಕಂಬಕ್ಕೆ ಸರಪಳಿ ಬಿಗಿದು ಬಂದೆ, ನಿದ್ದೆ ಹತ್ತಲಿಲ್ಲ. ನಾಲ್ಕಕ್ಕೆ ಇಳಿದು ನೋಡಿದರೆ ಮುಂದಿನ ಚಕ್ರ ನೆಲಕ್ಕೆ ಅಂಟಿತ್ತು. ದೀಪವಿಲ್ಲ. ಕಾವಲುಗಾರ ಎದ್ದು ಬಂದು ತನ್ನ ಬ್ಯಾಟರಿ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಟೈರಿನ ಅಂಚು ರಿಮ್ಮಿನೊಳಕ್ಕೆ ಕೂರುತ್ತಲೇ ಇಲ್ಲ. ಬೆರಳಿಗೆ ಬಲವಿಲ್ಲ, ಬೆವರಿಗೆ ಜಾರುತ್ತದೆ. ಕೊನೆಗೆ ಅವನೇ ಎರಡೂ ಹೆಬ್ಬೆರಳಿಟ್ಟು ಒಂದೇ ಒತ್ತಿಗೆ ಕೂರಿಸಿದ. ಹಿಂದೆ ಪಂಕ್ಚರ್ ಅಂಗಡಿಯಲ್ಲಿದ್ದನಂತೆ. ಆ ದಿನ ನಾನು ಸ್ಪರ್ಧೆ ಮುಗಿಸಿದೆ. ಊರಿಗೆ ಬಂದ ಮೇಲೆ ಎಲ್ಲರೂ ನನ್ನ ಮನೋಬಲ ಮೆಚ್ಚಿದರು. ನಾನೂ ಬೇಡ ಅನ್ನಲಿಲ್ಲ, ಕಾವಲುಗಾರನ ವಿಷಯ ಎತ್ತಲೂ ಇಲ್ಲ. ಆ ನಾಚಿಕೆಯಿಂದಲೇ ಈ ಬರಹ ಎಂದರೂ ಸರಿ.

ಅಣ್ಣ ಯಾತ್ರೆ ಎಂದು ಗೇಲಿ ಮಾಡಿದ್ದು ನಿಜಕ್ಕೂ ಗೇಲಿಯಲ್ಲ. ನಮ್ಮ ಅಜ್ಜ ಯುಗಾದಿಗೆ ಮುಂಚೆ ಮಲ್ಲಯ್ಯನ ಕಂಬಿಯ ಜೊತೆ ಶ್ರೀಶೈಲಕ್ಕೆ ನಡೆದುಹೋಗುತ್ತಿದ್ದರು. ಮಾರ್ಚಿನ ಬಿಸಿಲಲ್ಲಿ ನೂರಾರು ಕಿಲೋಮೀಟರು. ಇವತ್ತಿಗೂ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಜನ ಹಾಗೆ ನಡೆಯುತ್ತಾರೆ. ಅಜ್ಜ ತಿರುಗಿ ಬಂದು ಹೇಳುತ್ತಿದ್ದದ್ದು ಯಾವ ಊರಿನವರು ಮಜ್ಜಿಗೆ ಕೊಟ್ಟರು, ಎಲ್ಲಿ ಕಾಲಿಗೆ ಎಣ್ಣೆ ತಿಕ್ಕಿದರು, ಯಾವ ಗುಡಿಯ ಕಟ್ಟೆ ರಾತ್ರಿ ತಂಪಾಗಿತ್ತು ಎಂಬುದನ್ನು. ಮಲ್ಲಯ್ಯನ ದರ್ಶನದ ಸುದ್ದಿ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಅವರ ಭಕ್ತಿ ಕಡಿಮೆಯಾಗಿತ್ತೇ? ನಡೆಸಿದವರು ಯಾರು ಎಂದು ಗೊತ್ತಿತ್ತು, ಅಷ್ಟೇ. "ನನ್ನ ಛಲ" ಎಂಬ ಮಾತು ಅಜ್ಜನ ಬಾಯಲ್ಲಿ ಕೇಳಿದ ನೆನಪು ನನಗಿಲ್ಲ.

ಈಗ ಈ ಊರಿನ ಲೆಕ್ಕ. ಅಹಮದಾಬಾದಿಗೆ ಸಮುದ್ರವಿಲ್ಲ. ಸಾಬರಮತಿಯಲ್ಲಿ ನಿಂತಿರುವುದು ನರ್ಮದಾ ಕಾಲುವೆಯಿಂದ ಬಂದು ವಾಸಣಾ ಬ್ಯಾರೇಜಿನ ಹಿಂದೆ ಕೆರೆಯಾದ ನೀರು. ದಂಡೆಯಲ್ಲಿ ಓಡುತ್ತೇವೆ, ನಮ್ಮವರು ಯಾರೂ ಇಳಿಯುವುದಿಲ್ಲ. ವಡೋದರಾದ ವಿಶ್ವಾಮಿತ್ರಿ ನದಿಯಲ್ಲಿ ನೂರಾರು ಮೊಸಳೆಗಳಿವೆ. "ನಮ್ಮಲ್ಲಿ ಈಜಿನ ವೇಗ ತಾನಾಗಿಯೇ ಹೆಚ್ಚುತ್ತದೆ" ಎಂದು ಡಾಕ್ಟರಮ್ಮ ನಗಿಸುತ್ತಾರೆ. ಖಂಭಾತ್ ಕೊಲ್ಲಿಯ ಭರತ ಇಳಿತ ಭಯಂಕರ, ನೀರೆಲ್ಲ ಕೆಸರು. ಒಳ್ಳೆಯ ಕಡಲಿಗೆ ಸುಮಾರು 400 ಕಿಲೋಮೀಟರು ದಾಟಿ ಪೋರ್‌ಬಂದರಿಗೆ ಹೋಗಬೇಕು. ಜನವರಿ 14ರ ಉತ್ತರಾಯಣದ ಆಸುಪಾಸಿನಲ್ಲಿ ಗಾಳಿಪಟದ ಮಾಂಜಾ ಕುತ್ತಿಗೆ ಕೊಯ್ಯುತ್ತದೆ, ಸ್ಕೂಟರಿನವರು ಹ್ಯಾಂಡಲಿಗೆ ತಂತಿಯ ಕಮಾನು ಕಟ್ಟಿಕೊಳ್ಳುತ್ತಾರೆ, ನಾವು ಸೈಕಲ್ಲನ್ನೇ ಒಳಗಿಡುತ್ತೇವೆ. ಇಷ್ಟೆಲ್ಲ ಇದ್ದೂ ಈ ಊರಿನ ಪ್ರಜ್ಞಾ ಮೋಹನ್ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತಕ್ಕಾಗಿ ಟ್ರಯಥ್ಲಾನಿನಲ್ಲಿ ಸ್ಪರ್ಧಿಸಿದರು. "ನೋಡಿ, ಛಲ!" ಎನ್ನುತ್ತಾರೆ. ಅಂಥವರಿಗೆ ಛಲ ಇರುವುದರಲ್ಲಿ ಅನುಮಾನವೇನು? ಉಳಿದವರು ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಆ ಮಾತು ಉತ್ತರವಲ್ಲ. ಅವರಿಗೆಲ್ಲ ಛಲ ಇರಲಿಲ್ಲ ಎಂದು ಹೇಳಿದಂತಾಗುತ್ತದೆ, ಅದು ಸುಳ್ಳು.

ಬಿಸಿಲಿನ ವಿಷಯದಲ್ಲಿ ಈ ಊರು ಪಾಠ ಕಲಿತಿದೆ. 2010ರ ಮೇ ತಿಂಗಳಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿದಾಗ ಇಲ್ಲಿ ಮಾಮೂಲಿಗಿಂತ 1,344 ಸಾವುಗಳು ಹೆಚ್ಚಾದವು. 2013ರಲ್ಲಿ ನಗರಪಾಲಿಕೆ ಬಿಸಿಲಿಗೆಂದೇ ಕ್ರಿಯಾಯೋಜನೆ ತಂದಿತು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಅದರಲ್ಲಿರುವುದು ಮುನ್ಸೂಚನೆ, ಕುಡಿಯುವ ನೀರು, ನೆರಳು, ಆಸ್ಪತ್ರೆಯ ಸಿದ್ಧತೆ. ತಡೆದುಕೊಳ್ಳಿ ಎಂದು ಯಾರೂ ಬರೆದಿಲ್ಲ. ಆದರೆ ನಮ್ಮ ಆಟದಲ್ಲಿ ಮೇ ತಿಂಗಳ ಹನ್ನೊಂದು ಗಂಟೆಗೆ ಸೈಕಲ್ ಹೊಡೆದವನಿಗೆ ಚಪ್ಪಾಳೆ. ಮನಸ್ಸು ಗಟ್ಟಿ ಮಾಡಿಕೋ ಎಂಬ ಉಪದೇಶ ಇಂಥ ಕಡೆ ಬರೀ ತಪ್ಪಲ್ಲ, ಅಪಾಯ. ದೇಹ ಸಾಕು ಎಂದಾಗ ನಿಲ್ಲುವುದನ್ನು ಅದು ಸೋಲು ಎಂದು ಹೆಸರಿಸುತ್ತದೆ.

ಇನ್ನೊಂದು ಗುಂಪಿನ ವಾದವಿದೆ: ಇದು ದುಡ್ಡಿದ್ದವರ ಶೋಕಿ. ಮೇಲೆ ನಾನೇ ಸೈಕಲ್ಲಿನ ಬೆಲೆ ಹೇಳಿ ಅವರ ಕೈಗೆ ಕೋಲು ಕೊಟ್ಟಿದ್ದೇನೆ. ಅರ್ಧ ಒಪ್ಪುತ್ತೇನೆ. ಆದರೆ ನಮ್ಮ ದೇಶದ ಟ್ರಯಥ್ಲಾನಿನಲ್ಲಿ ಸೇನಾಪಡೆಗಳ ಸರ್ವಿಸಸ್ ತಂಡದ ಹುಡುಗರು ಮುಂದಿರುವುದು ಹೊಸ ಸುದ್ದಿಯಲ್ಲ. ಅವರೇನು ಸಾಹುಕಾರರ ಮಕ್ಕಳಲ್ಲ. ಅವರಿಗೆ ಬ್ಯಾರಕ್ಕಿದೆ, ಮೆಸ್ಸಿದೆ, ಹೊತ್ತಿಗೆ ಸರಿಯಾಗಿ ತೆರೆಯುವ ಈಜುಕೊಳವಿದೆ, ಮಧ್ಯಾಹ್ನ ಮಲಗಲು ಅನುಮತಿ ಇದೆ. ನಾವು ದುಡ್ಡು ಕೊಟ್ಟು ಕೊಳ್ಳುವುದೂ ಇದನ್ನೇ, ಚಿಲ್ಲರೆಯಾಗಿ. ನಮ್ಮ ಸೂರತ್ತಿನ ವ್ಯಾಪಾರಿಯ ಬಳಿ ಇಟಲಿಯ ಸೈಕಲ್ಲಿದೆ, ಆದರೆ ರಾತ್ರಿ ಹತ್ತಕ್ಕೆ ಮುಂಚೆ ಅಂಗಡಿಯ ಲೆಕ್ಕ ಮುಗಿಯುವುದಿಲ್ಲ. ವರ್ಷಗಳಿಂದ ಅವರ ಸಮಯ ಒಂದು ನಿಮಿಷವೂ ಇಳಿದಿಲ್ಲ. ಜೆಲ್ ಪೊಟ್ಟಣದ ಬದಲು ಅವರ ಮನೆಯವರು ಮಾಡಿಕೊಟ್ಟ ಸುಖಡಿ ತಿಂದ ವರ್ಷ ಮಾತ್ರ ವಾಂತಿಯಾಗಲಿಲ್ಲವಂತೆ. ಗೋಧಿಹಿಟ್ಟು, ತುಪ್ಪ, ಬೆಲ್ಲ.

ಮನೆಯವರು ಎಂದೆ. ಬೆಳಿಗ್ಗೆ ನಾಲ್ಕೂವರೆಗೆ ನಾನು ಹೊರಟರೆ ಹಾಲು ತೆಗೆದಿಡುವುದು, ಮಗಳನ್ನು ಶಾಲೆಯ ಬಸ್ಸಿಗೆ ಹತ್ತಿಸುವುದು ನನ್ನ ಹೆಂಡತಿ. ಅವಳೂ ನಾಲ್ಕೂವರೆಗೆ ಹೊರಟರೆ? ಆ ಪ್ರಶ್ನೆ ನಮ್ಮ ಮನೆಯಲ್ಲಿ ಈಚೆಗೆ ಎದ್ದಿದೆ, ಇನ್ನೂ ಇತ್ಯರ್ಥವಾಗಿಲ್ಲ. ಡಾಕ್ಟರಮ್ಮ ಲಾಡ್ಜಿನ ಬಗ್ಗೆ ಬಿಸಿನೀರು ಕೇಳುವುದಿಲ್ಲ. ಅವರು ಕೇಳುವುದು ಒಳಗಿನ ಚಿಲಕ ಗಟ್ಟಿ ಇದೆಯೇ, ಕತ್ತಲಲ್ಲಿ ಗೇಟು ತೆಗೆಯುವವರು ಯಾರು, ಅಲ್ಲಿಂದ ಸ್ಪರ್ಧೆಯ ಜಾಗಕ್ಕೆ ಬೀದಿದೀಪ ಇದೆಯೇ ಎಂದು. ಬೆಂಗಳೂರಿನ ಅನು ವೈದ್ಯನಾಥನ್, 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನ್ ಸ್ಪರ್ಧೆ ಮುಗಿಸಿದವರು, 2016ರ ತಮ್ಮ ಆತ್ಮಕಥನದ ಹೆಸರಿನಲ್ಲೇ ಮನೆಯನ್ನು ತಂದಿದ್ದಾರೆ: 'ಎನಿವೇರ್ ಬಟ್ ಹೋಮ್'. ಈ ಆಟದಲ್ಲಿ ಮನೆ, ವಸತಿ ಎಂಬವು ಹೆಂಗಸರಿಗೆ ಎಂದೂ ಹರಟೆಯ ವಿಷಯಗಳಾಗಿರಲಿಲ್ಲ.

ಏರ್ಪಾಡು ಎಂದರೆ ದೊಡ್ಡ ಕಟ್ಟಡ ಎನ್ನುವುದಾದರೆ ಈ ಊರಿಗೆ ಕೊರತೆಯಿಲ್ಲ. ನವರಂಗಪುರದ ಸರ್ದಾರ್ ಪಟೇಲ್ ಸ್ಟೇಡಿಯಂ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸದ ಕಟ್ಟಡ. 1981ರ ನವೆಂಬರ್ 25ರಂದು ಭಾರತದ ನೆಲದಲ್ಲಿ ಮೊದಲ ಏಕದಿನ ಪಂದ್ಯ ನಡೆದದ್ದು ಇಲ್ಲಿಯೇ. ಪಕ್ಕದ ನಾರಣಪುರದಲ್ಲಿ 2025ರ ಸೆಪ್ಟೆಂಬರಿನಲ್ಲಿ ಹೊಸ ಕ್ರೀಡಾ ಸಂಕೀರ್ಣ ಉದ್ಘಾಟನೆಯಾಗಿ, ಅದೇ ತಿಂಗಳ ಕೊನೆಗೆ ಏಷ್ಯನ್ ಈಜು ಚಾಂಪಿಯನ್‌ಷಿಪ್ ಶುರುವಾಯಿತು. ಅದೇ ವರ್ಷ ನವೆಂಬರ್ 26ಕ್ಕೆ 2030ರ ಕಾಮನ್‌ವೆಲ್ತ್ ಕೂಟವೂ ಈ ಊರಿಗೆ ಸಿಕ್ಕಿತು. ಸಂತೋಷ. ಆದರೆ ದೊಡ್ಡ ಕಟ್ಟಡ ಮತ್ತು ದೊಡ್ಡ ಛಲ ಒಂದೇ ಜಾತಿಯ ಮಾತುಗಳು, ಎರಡಕ್ಕೂ ಫೋಟೋ ಚೆನ್ನಾಗಿ ಬರುತ್ತದೆ. ನಮಗೆ ಬೇಕಾದದ್ದು ಬೆಳಿಗ್ಗೆ ಐದಕ್ಕೆ ಬೀಗ ತೆಗೆಯುವ ಕೊಳ, ನಲವತ್ತೈದು ನಿಮಿಷದ ಬ್ಯಾಚಿನ ಬದಲು ಒಂದೂವರೆ ಗಂಟೆ, ಭಾನುವಾರ ಮೂರು ಗಂಟೆ ಲಾರಿ ಬಿಡದ ಹತ್ತು ಕಿಲೋಮೀಟರ್ ರಸ್ತೆ. ಇದಕ್ಕೆ ಶಿಲಾನ್ಯಾಸ ಬೇಕಿಲ್ಲ, ಬಹುಶಃ ಅದಕ್ಕೇ ಆಗುವುದಿಲ್ಲ.

ಓಟದ ಹದಿನೆಂಟನೆಯ ಕಿಲೋಮೀಟರಿನಲ್ಲಿ ತೊಡೆ ಹಿಡಿದುಕೊಂಡಾಗ ಒಳಗಿನಿಂದ ಏನೋ ಒಂದು ಬೇಕಾಗುತ್ತದೆ, ಇಲ್ಲವೆನ್ನಲಾರೆ. ಅದಕ್ಕೆ ಛಲ ಎಂದೇ ಹೆಸರಿಡಿ. ಆದರೆ ಹದಿನೆಂಟನೆಯ ಕಿಲೋಮೀಟರಿಗೆ ನನ್ನನ್ನು ತಂದು ಬಿಟ್ಟದ್ದು ಅದಲ್ಲ.

ಕಳೆದ ಭಾನುವಾರ ಲೆಕ್ಕಪರಿಶೋಧಕರು ಜೇಬಿನಿಂದ ಮಡಚಿದ ಹಾಳೆ ತೆಗೆದರು. ಪೋರ್‌ಬಂದರಿನ ಆರು ವಸತಿಗೃಹಗಳ ಪಟ್ಟಿ, ಪ್ರತಿಯೊಂದರ ಮುಂದೆ ಪೆನ್ಸಿಲಿನಲ್ಲಿ ಟಿಪ್ಪಣಿ: ನೆಲಮಹಡಿ ಇದೆ, ನಾಯಿ ಇದೆ, ಮೂರೂವರೆಗೆ ಚಹಾ ಕೇಳಿದರೆ ಬಯ್ಯುವುದಿಲ್ಲ. ನಾಲ್ಕನೆಯದರ ಮುಂದೆ ಕಾವಲುಗಾರನ ಹೆಸರು ಬರೆದು ಅಡಿಗೆರೆ ಹಾಕಿದ್ದರು. ಯಾಕೆ ಎಂದೆ. "ಪಂಕ್ಚರ್ ಗೊತ್ತು ಅವನಿಗೆ" ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದರು.